ಕಪಾಟಿನಲ್ಲಿ ಹಣ್ಣಾಗಬೇಕಿದ್ದ ಅರ್ಜಿ

ಬೈಲಹೊಂಗಲದ ಅಜಿತ ವಕೀಲರ ಆಫೀಸಿಗೆ ಕಂಪ್ಯೂಟರು ಬಂದು ಇಪ್ಪತ್ತು ವರ್ಷವಾಗಿತ್ತು. ತಾನೇ ಅರ್ಜಿ ಬರೆಯುವ ಕಂಪ್ಯೂಟರು ಬಂದು ಒಂದೇ ತಿಂಗಳು. ಹೆಸರು, ಊರು, ಜಗಳ ಏನೆಂದು ಹೇಳಿದರೆ ಸಾಕು, ಹತ್ತು ನಿಮಿಷದಲ್ಲಿ ಹನ್ನೆರಡು ಪುಟದ ದಾವೆ ಹೊರಗೆ ಬೀಳುತ್ತಿತ್ತು. ವರ್ಷಕ್ಕೆ ಎಪ್ಪತ್ತು ಸಾವಿರ ಬಾಡಿಗೆ. ಮೊದಲ ವಾರ ವಕೀಲರು ಬಂದವರಿಗೆಲ್ಲ ಅದನ್ನು ಹೊಸ ಅಳಿಯನನ್ನು ತೋರಿಸಿದ ಹಾಗೆ ತೋರಿಸಿದರು. ಎರಡನೆಯ ವಾರ ಪಕ್ಷಗಾರನೊಬ್ಬ, "ಹತ್ತ ನಿಮಿಷದ ಕೆಲಸಕ್ಕ ಹತ್ತ ಸಾವಿರ ಯಾಕ್ರಿ ಸಾಹೇಬ್ರ?" ಎಂದು ಕೇಳಿಬಿಟ್ಟ. ಅವತ್ತೇ ಅಳಿಯ ಒಳಕೋಣೆ ಸೇರಿದ.

ಆಮೇಲೊಂದು ಗುರುವಾರ ಬೆಳಿಗ್ಗೆ ಫೀ ನಿಷ್ಕರ್ಷೆಗೆ ಕೂತರು. ಎದುರಿಗೆ ಮೂವತ್ತು ವರ್ಷದಿಂದ ಗುಮಾಸ್ತನಾಗಿರುವ ಸಂಗಪ್ಪ. ಪಕ್ಕದಲ್ಲಿ, ದಿನಾ ಸಂಗೊಳ್ಳಿಯಿಂದ ಬಸ್ಸಿಗೆ ಬರುವ ಜೂನಿಯರ್ ಸಂಘಮಿತ್ರಾ.

"ದೊಡ್ಡ ಊರಾಗ ತಾಸಿನ ಲೆಕ್ಕ ಐತಂತ್ರಿ ಸರ್," ಅಂದ ಸಂಗಪ್ಪ.

"ತಾಸಿನ ಲೆಕ್ಕ ಹಿಡದ್ರ ಈ ಮಷಿನ್ನು ನಮ್ಮನ್ನ ಉಪವಾಸ ಕೆಡವತೈತಿ," ಅಂದರು ವಕೀಲರು. "ತಾರೀಖಿನ ಲೆಕ್ಕಾನ ಇರ್ಲಿ. ಎಂಟನೂರ ಇದ್ದದ್ದು ಸಾವಿರದ ಇನ್ನೂರ ಮಾಡು. ಪುಟಕ್ಕ ನೂರು ಬ್ಯಾರೆ. ಮತ್ತ ಇನ್ನ ಮ್ಯಾಲೆ ಬರದ ಅರ್ಜಿ ಎಂಟ ದಿನ ಕಪಾಟಿನ್ಯಾಗ ಇರಬೇಕು. ಹಣ್ಣಾಗ್ಲಿ. ಲಗೂನ ಕೊಟ್ರ ಮಂದಿಗೆ ಅದರ ಕಿಮ್ಮತ್ತ ತಿಳಿಯೂದಿಲ್ಲ."

ತಾರೀಖಿನ ಲೆಕ್ಕವೆಂದರೆ ಇಷ್ಟೇ: ಕೋರ್ಟು ಕೇಸಿಗೆ ಹಾಕಿದ ಒಂದೊಂದು ದಿನಕ್ಕೂ ದುಡ್ಡು. ಸಾಕ್ಷಿ ನಡೆದರೂ ಅಷ್ಟೇ, ವಕೀಲರೇ ಎದ್ದು ನಿಂತು ಮುಂದಿನ ತಾರೀಖು ಬೇಡಿಕೊಂಡರೂ ಅಷ್ಟೇ. ಕೇಸು ಬೇಗ ಮುಗಿದರೆ ನಷ್ಟ ಯಾರಿಗೆಂದು ಬೇರೆ ಹೇಳಬೇಕೆ? ಗೆದ್ದವ ಸೋತ, ಸೋತವ ಸತ್ತ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

"ಇಡೀ ಕೇಸಿಗೆ ಇಷ್ಟ ಅಂತ ಮೊದಲ ಬರದ ಕೊಡೂಣ್ರಿ ಸರ್," ಅಂದಳು ಸಂಘಮಿತ್ರಾ. "ದಾವೆ ಹಾಕೂವಾಗ ಒಂದ ಪಾಲು, ಸಾಕ್ಷಿ ಮುಗದ ಮ್ಯಾಲೆ ಒಂದು, ತೀರ್ಪಿಗೆ ಒಂದು. ತಾರೀಖು ಎಷ್ಟರ ಆಗ್ಲಿ. ಮಷಿನ್ನಿಂದ ಉಳದ ಹೊತ್ತಿನ್ಯಾಗ ನಾಕ ಕೇಸ ಹೆಚ್ಚಿಗಿ ಹಿಡೀಬಹುದು."

"ವಕೀಲಕಿ ಅಂದ್ರ ಬಾವಿ ತೋಡೂ ಗುತ್ತಿಗಿ ಅಂತ ತಿಳದಿ ಏನು?"

"ಬಾವಿ ತೋಡಾವ ನೀರ ಬಂದ್ರ ನಿಂದರಸ್ತಾನ್ರಿ ಸರ್. ನಾವು ನೀರ ಬಂದ ಮ್ಯಾಲೂ ತಾರೀಖ ತಗೋತೇವಿ."

ಸಂಗಪ್ಪ ಕೆಮ್ಮಿದ. ಅಜಿತ ವಕೀಲರು ನಗಲಿಲ್ಲ. ಮೇಜಿನ ಮೇಲಿದ್ದ ರಹೀಮಬಿಯ ದಾವೆಯನ್ನು ಎಳೆದುಕೊಂಡು, ಒಂದು ಪುಟವನ್ನೂ ತಿರುವದೆ, "ಇದನ್ನೂ ಕಪಾಟಿಗೆ ಹಾಕು," ಎಂದು ಸಂಗಪ್ಪನ ಕೈಗೆ ಕೊಟ್ಟರು.

ರಹೀಮಬಿ ಬಂದದ್ದು ಹಿಂದಿನ ದಿನ. ಗಂಡ ತೀರಿದ ಮೇಲೆ ತಂದೆಯ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಹನ್ನೊಂದು ವರ್ಷದಿಂದ ಬದುಕುತ್ತಿದ್ದ ಹೆಂಗಸು. ತಂದೆ ಬಿಟ್ಟುಹೋದ ಆ ಇಡೀ ಮನೆಯನ್ನೇ ಅವಳ ತಮ್ಮ ಹಜರತಸಾಬ ಮಾರುವವನಿದ್ದ, ಸೋಮವಾರ ಖರೀದಿಪತ್ರ. ಅಷ್ಟರೊಳಗೆ ಕೋರ್ಟಿನ ತಡೆ ಸಿಗದಿದ್ದರೆ ಮಷಿನ್ ಬೀದಿಗೆ.

ಹೊಸ ಕಂಪ್ಯೂಟರು ಅವಳ ದಾವೆಯನ್ನು ಹತ್ತು ನಿಮಿಷದಲ್ಲಿ ಬರೆದದ್ದು ನಿಜ. ಆದರೆ ಆ ಜಾಣ ರಹೀಮಬಿಗೆ ಹಿಂದೂ ವಾರಸಾ ಕಾಯ್ದೆ ಹಚ್ಚಿ, ತಮ್ಮನಿಗೆ ಸಮನಾಗಿ ಅರ್ಧ ಪಾಲು ಬರೆದಿತ್ತು! ಮುಸಲ್ಮಾನರ ಕಾಯ್ದೆಯಂತೆ ಅವಳಿಗೆ ಬರುವುದು ಮೂರರಲ್ಲಿ ಒಂದು ಪಾಲು. ಸಂಘಮಿತ್ರಾ ಎರಡು ತಾಸು ಪುಸ್ತಕ ತೆಗೆದು ಕೂತು ಅದನ್ನೆಲ್ಲ ತಿದ್ದಿದ್ದಳು. ವಕೀಲರು ಅದನ್ನು ಕಣ್ಣೆತ್ತಿಯೂ ನೋಡಿರಲಿಲ್ಲ. ಅವಳು ತಿದ್ದದಿದ್ದರೆ, ಎಂಟು ದಿನ ಕಪಾಟಿನಲ್ಲಿಟ್ಟ ಮಾತ್ರಕ್ಕೆ ತಪ್ಪು ತಾನಾಗಿ ಸರಿಹೋಗುತ್ತಿತ್ತೇ?

"ಸರ್, ಸೋಮವಾರ ಖರೀದಿ ಐತ್ರಿ."

"ಮೊದಲನೇ ದಿನಾನ ನಿಯಮ ಮುರದ್ರ ನಿಲ್ಲತೈತೇನು? ಮಾರಿದ್ರ ಮಾರ್ಲಿ. ದಾವೆ ಆಮ್ಯಾಲೂ ನಡೀತೈತಿ. ಇನ್ನೂ ಹೆಚ್ಚಿಗೀನ ನಡೀತೈತಿ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ವಕೀಲರು ಕೋರ್ಟಿಗೆ ಹೋದ ಮೇಲೆ ಸಂಘಮಿತ್ರಾ ಸಂಗಪ್ಪನ ಎದುರಿಗೇ ಕಪಾಟು ತೆಗೆದು ದಾವೆ ಹೊರಗೆಳೆದಳು. ರಹೀಮಬಿ ಬರೆದುಕೊಟ್ಟ ವಕಾಲತ್ತಿನಲ್ಲಿ ಅಜಿತರ ಹೆಸರಿನ ಕೆಳಗೆ ಅವಳದೂ ಇತ್ತು. ಸಹಿ ಹಾಕಲು ಯಾರನ್ನೂ ಕೇಳಬೇಕಿರಲಿಲ್ಲ.

"ಬಾಯಾರ, ಸರ್ ಸಿಟ್ಟಾಗ್ತಾರ್ರಿ," ಅಂದ ಸಂಗಪ್ಪ.

"ಆಗ್ಲಿ. ಕೇಳಿದ್ರ ನಾನ ಒಯ್ದೇನಿ ಅಂತ ಹೇಳ್ರಿ."

ಶುಕ್ರವಾರ ಬೆಳಿಗ್ಗೆ ದಾವೆ ಹಾಕಿ, ತುರ್ತು ಇದೆಯೆಂದು ತಾನೇ ನಿಂತು ವಾದಿಸಿದಳು. ಮಧ್ಯಾಹ್ನದ ಹೊತ್ತಿಗೆ ಆದೇಶವಾಯಿತು: ಮುಂದಿನ ಆದೇಶದವರೆಗೆ ಮನೆ ಮಾರಕೂಡದು.

ವಕೀಲರ ಸಂಘದ ಕೋಣೆಯಲ್ಲಿ ಅವಳು ರಹೀಮಬಿಗೆ ಆದೇಶ ಓದಿ ಹೇಳುತ್ತಿದ್ದಾಗ ಅಜಿತ ವಕೀಲರು ಬಂದರು. ಕೋಣೆಯಲ್ಲಿ ಹದಿನೈದಿಪ್ಪತ್ತು ಕರಿ ಕೋಟುಗಳಿದ್ದವು. ಎಲ್ಲರ ಚಹಾ ಕಪ್ಪುಗಳು ಅಲ್ಲಲ್ಲೇ ನಿಂತವು.

"ನಾ ಇಡು ಅಂದ ಕಾಗದಾ ಯಾರನ್ನ ಕೇಳಿ ಹಾಕಿದಿ? ಈ ಊರಾಗ ನಿನಗ ಯಾರೂ ಕುರ್ಚಿ ಕೊಡದ ಇದ್ದಾಗ ನಾ ಕೊಟ್ಟೇನಿ, ನೆನಪೈತೇನು?"

ಯಾರೂ ಯಾಕೆ ಕೊಟ್ಟಿರಲಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವಳ ಹೆಸರು ಕೇಳಿದೊಡನೆ ಕೇರಿ ಯಾವುದೆಂದು ಲೆಕ್ಕ ಹಾಕಿದವರು ಆ ಕೋಣೆಯಲ್ಲೂ ಇದ್ದರು.

"ಕುರ್ಚಿ ಕೊಟ್ಟದ್ದು ಖರೇರಿ ಸರ್. ನಾಕ ವರ್ಷ ದುಡದು ಅದರ ಬಾಡಗಿ ಕೊಟ್ಟೇನಿ."

"ಹಂಗಾರ ಇವತ್ತಿಗೆ ಬಾಡಗಿ ಮುಗೀತು. ನಾಳೆಯಿಂದ ನನ್ನ ಆಫೀಸಿಗೆ ಬರಬ್ಯಾಡ. ಈ ಪಕ್ಷಗಾರ್ತಿ ನನ್ನಾಕಿ, ಕೇಸ ನನ್ನ ಹಂತೇಕ ಇರತೈತಿ. ತಾರೀಖಿಗೆ ಸಾವಿರದ ಇನ್ನೂರು."

ರಹೀಮಬಿ ಇಬ್ಬರ ಮುಖವನ್ನೂ ನೋಡಿದಳು. "ಬಾಯಾರ, ನೀವಾದ್ರ ಎಷ್ಟ ತಗೋತೀರಿ?"

ಸಂಘಮಿತ್ರಾ ಕೋಣೆಗೆಲ್ಲ ಕೇಳುವಂತೆ ಹೇಳಿದಳು. "ಇಡೀ ಕೇಸಿಗೆ ಹದಿನೆಂಟ ಸಾವಿರ, ಚಾಚಿ. ಮೂರ ಕಂತು, ಬರದ ಕೊಡತೇನಿ. ಮಷಿನ್ನು ಹತ್ತ ನಿಮಿಷ ಬರದದ್ದಕ್ಕ ಒಂದ ರೂಪಾಯಿ ಇಲ್ಲ. ಅದರ ತಪ್ಪ ತಿದ್ದಿದ್ದಕ್ಕ, ನಿಮ್ಮ ಪರವಾಗಿ ನಿಂತದ್ದಕ್ಕ ಐತಿ, ಅದನ್ನ ಬಿಡೂದಿಲ್ಲ. ನೂರ ತಾರೀಖು ಆದ್ರೂ ಅಷ್ಟ." ಆಮೇಲೆ ಉಳಿದವರ ಕಡೆ ತಿರುಗಿದಳು. "ಎಲ್ಲಾರ ಮುಂದ ಹಿಂಗ ಫೀ ಹೇಳೂದು ತಪ್ಪಂದ್ರ ವಕೀಲರ ಪರಿಷತ್ತಿಗೆ ದೂರ ಬರೀರಿ. ಹೌದು, ಹಿಂಗ ಹೇಳೇನಿ ಅಂತ ನಾನ ಸಾಕ್ಷಿ ಹಾಕತೇನಿ."

ಅಜಿತ ವಕೀಲರು ನಕ್ಕರು. "ನಾ ತಕರಾರಿಲ್ಲ ಅಂತ ಸಹಿ ಮಾಡಿದ ಮ್ಯಾಲ ಅಲ್ಲೇನು ನೀ ಕೇಸ ಒಯ್ಯೂದು? ಮಾಡತೇನಿ. ನೋಡಿ, ವಿಚಾರ ಮಾಡಿ, ಸಾವಕಾಶ ಮಾಡತೇನಿ."

ರಹೀಮಬಿ ಸೆರಗು ಸರಿಮಾಡಿಕೊಂಡು ಅವರ ಎದುರಿಗೆ ಬಂದು ನಿಂತಳು. ಹಿಂದಿನಿಂದ ಯಾರೋ ಕುರ್ಚಿ ಸರಿಸಿದರು, ಅವಳು ಕೂರಲಿಲ್ಲ.

"ಒಂದ ಸಹಿ ಹಾಕಾಕ ಎಷ್ಟ ಹೊತ್ತ ಬೇಕ್ರಿ ಸಾಹೇಬ್ರ? ನಾ ಇಲ್ಲೇ ನಿಂತಿರತೇನಿ."

ಅಜಿತ ವಕೀಲರು ಸುತ್ತ ನೋಡಿದರು. ತಮ್ಮ ಓರಗೆಯವರು ಕಪ್ಪಿನೊಳಗೆ ಕಣ್ಣು ನೆಟ್ಟಿದ್ದರು. ಸಂಘಮಿತ್ರಾ ಒಂದು ಹಾಳೆಯ ಮೇಲೆ ಎರಡು ಸಾಲು ಬರೆದು ಮುಂದಿಟ್ಟಳು. ಅವರು ಪೆನ್ನು ತೆಗೆದು ಸಹಿ ಹಾಕಿ, ಹಾಳೆಯನ್ನು ಅವಳತ್ತ ತಳ್ಳಿ ಹೊರಗೆ ಹೋದರು.

ಈಗ ಸಂಘಮಿತ್ರಾಳಿಗೆ ಆಫೀಸಿಲ್ಲ, ಕುರ್ಚಿಯಿಲ್ಲ, ಇರುವುದು ಒಂದೇ ಕೇಸು. ರಹೀಮಬಿ ಸೊಂಟದ ಚೀಲಕ್ಕೆ ಕೈ ಹಾಕಿದಳು.

"ಅದು ಆಮ್ಯಾಲೆ, ಚಾಚಿ," ಅಂದಳು ಸಂಘಮಿತ್ರಾ. "ಮೊದಲ ಮನಿಗೆ ನಡೀರಿ. ಸೋಮವಾರ ಮುಂಜಾನೆ ಬಾಗಲಾ ತೆರದು, ಮಷಿನ್ ಮುಂದ ಕುಂತು ಹೊಲ್ಯಾಕ ಹತ್ರಿ. ಯಾರ ಬಂದ್ರೂ ಏಳಬ್ಯಾಡ್ರಿ."