ಕೌದಿಯ ಮಡಿಕೆಯೊಳಗೆ

ಜೀರುಂಡೆಯೊಂದು ತಗಡಿನ ಡಬ್ಬಿಯೊಳಗೆ ಸಿಕ್ಕಿಬಿದ್ದಂಥ ಸಣ್ಣ ಸದ್ದು. ನಡುರಾತ್ರಿಯಲ್ಲಿ ಸುನಂದಾ ಕಣ್ಣು ತೆರೆದಳು. ಮೊದಲು ದಿಂಬಿನ ಬಳಿಯ ಫೋನು ಮುಟ್ಟಿ ನೋಡಿದಳು. ಅದು ಸುಮ್ಮನಿತ್ತು. ಸದ್ದು ಪಡಸಾಲೆಯ ಟ್ರಂಕಿನಿಂದ ಬರುತ್ತಿತ್ತು. ಅದೇನೆಂದು ಹೊಳೆದ ಕೂಡಲೇ ಎದ್ದು ಪಡಸಾಲೆಗೆ ಧಾವಿಸಿದಳು.

ಟ್ರಂಕಿನ ಪಕ್ಕದಲ್ಲೇ ಅತ್ತೆ ಶಂಕ್ರೆವ್ವ ಮಲಗುತ್ತಿದ್ದಳು.

“ಏನವಾ ಅದು, ಗುಂಯ್ ಅನ್ನಾಕತ್ತೈತಿ?”

“ನನ್ನ ಫೋನ್ ರೀ ಅತ್ತಿ. ಟ್ರಂಕಿನ ಮ್ಯಾಲ ಇಟ್ಟಿದ್ದೆ.”

“ಇಷ್ಟೊತ್ನ್ಯಾಗ ಯಾರು ಮಾಡ್ತಾರ?”

“ಕಂಪನ್ಯಾವ್ರು ರೀ.”

“ಅವರಿಗೂ ನಿದ್ದಿ ಇಲ್ಲೇನು,” ಎಂದು ಶಂಕ್ರೆವ್ವ ಮಗ್ಗುಲು ಬದಲಿಸಿದಳು.

ಸುನಂದಾ ಟ್ರಂಕಿನ ಮುಚ್ಚಳ ಎತ್ತಿದಳು. ಕೌದಿಗಳ ನಡುವೆ ಕೈ ತೂರಿಸಿ ಗುಂಡಿ ಒತ್ತಿದಳು. ಸದ್ದು ನಿಂತಿತು. ಹೊರಗೆ ತೆಗೆಯಲು ಧೈರ್ಯ ಬರಲಿಲ್ಲ. ಕತ್ತಲಲ್ಲಿ ಅತ್ತೆಯ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ತಿಳಿಯುತ್ತಿರಲಿಲ್ಲ. ಅದನ್ನು ತನ್ನ ಕೌದಿಯ ಮಡಿಕೆಯಲ್ಲಿ ಇನ್ನಷ್ಟು ಒಳಕ್ಕೆ ತಳ್ಳಿ ಬಂದು ಮಲಗಿದಳು.

ಗಂಡ ಅನೀಲಕುಮಾರ ಝಳಕಿ ಹತ್ತಿರ ಬೈಕಿನಿಂದ ಬಿದ್ದು ತೀರಿಕೊಂಡ ಮೇಲೆ ದೇವರ ಹಿಪ್ಪರಗಿಯ ಆ ಮನೆಯಲ್ಲಿ ಅತ್ತೆ-ಸೊಸೆ ಇಬ್ಬರೇ. ಸುನಂದಾ ದಿನಾಲು ಬಸ್ಸು ಹಿಡಿದು ಸಿಂದಗಿಗೆ ಹೋಗಿ ಕಾಲೇಜಿನ ಗ್ರಂಥಾಲಯ ನೋಡಿಕೊಳ್ಳುತ್ತಿದ್ದಳು. ಮನೆಯಲ್ಲಿ ಮಾತ್ರ ಇಬ್ಬರಿಗೆ ಬೇಡಾಗುವಷ್ಟು ಕೌದಿಗಳು. ಹಳೆ ಸೀರೆ, ಧೋತರ, ಕುಬಸಗಳನ್ನು ಪದರು ಪದರಾಗಿ ಜೋಡಿಸಿ ಶಂಕ್ರೆವ್ವ ಕೈಯಾರೆ ಹೊಲಿದವು. ಒಂದು ದಂಡು ಬಂದು ಇಳಿದರೂ ಶಂಕ್ರೆವ್ವನ ಮನೆಯಲ್ಲಿ ಹೊದಿಕೆ ಸಾಲುತ್ತದೆ ಎಂದು ಓಣಿಯವರು ನಗುತ್ತಿದ್ದರು.

ಕೆಲವು ತಿಂಗಳ ಹಿಂದೆ ಸುನಂದಾಳಿಗೆ ರಾತ್ರಿ ನಿದ್ದೆಯೇ ಬಾರದಂತಾಗಿತ್ತು. ಕಡೆಗೊಂದು ರವಿವಾರ ಇಂಡಿಗೆ ಹೋಗಿ, ಔಷಧಿ ಅಂಗಡಿ ನಡೆಸುವ ಗೆಳತಿ ಯಾಸ್ಮಿನಳ ಮುಂದೆ ನಿಂತಳು. ಇಬ್ಬರೂ ಕಾಲೇಜಿನಲ್ಲಿ ಒಂದೇ ಹಾಸ್ಟೆಲ್ ಕೋಣೆಯಲ್ಲಿದ್ದವರು.

“ಚೀಟಿ ಇಲ್ದ ನಿದ್ದಿ ಗುಳಿಗಿ ಕೊಡಂಗಿಲ್ಲ,” ಎಂದ ಯಾಸ್ಮಿನ ಅವಳನ್ನು ಅಂಗಡಿಯ ಹಿಂದಿನ ಮನೆಗೆ ಕರೆದೊಯ್ದು ಚಹಾ ಕೊಟ್ಟಳು. “ನಿದ್ದಿ ಯಾಕ ಬರವಲ್ದು, ಅದನ್ನ ಹೇಳು.”

ಸುನಂದಾ ಚಹಾದ ಕಪ್ಪು ಕೆಳಗಿಟ್ಟಳು. “ನನಗೊಂದು ಮೈ ಐತಿ ಅಂತ ಮರತಿದ್ದೆ. ಈಗ ರಾತ್ರಿ ಅದ ಎಬ್ಬಿಸಿ ನೆನಪ ಮಾಡಿ ಕೊಡತೈತಿ.”

ಯಾಸ್ಮಿನ ನಗಲಿಲ್ಲ. ಅವಳ ಗಂಡ ಕುತುಬುದ್ದೀನ ಲಾರಿ ಡ್ರೈವರ್. “ನಮ್ಮವರು ಪುಣೆ, ಸೂರತ್ ಅಂತ ತಿರಗತಾರ. ನಾನೇನು ಕಲ್ಲೇನ?” ಎನ್ನುತ್ತ ಫೋನು ತೆಗೆದು, ಹೆಂಗಸರ ಸುಖಕ್ಕೆಂದು ಮಾಡಿದ ಸಾಧನಗಳನ್ನು ಮಾರುವ ಪುಟವೊಂದನ್ನು ಮುಂದೆ ಹಿಡಿದಳು.

ಮೊದಲ ಚಿತ್ರಕ್ಕೇ ಸುನಂದಾ ಬೆಚ್ಚಿದಳು. “ಯವ್ವಾ, ಇದು ಖಾರ ಕುಟ್ಟೂ ಒನಕಿ ಇದ್ದಂಗ ಐತಿ!”

ಚಹಾ ನೆತ್ತಿಗೇರಿ ಯಾಸ್ಮಿನ ಕೆಮ್ಮಿದಳು. “ಹುಚ್ಚಿ, ಮೊದಲಿಗೆ ಇಂಥಾದ್ದು ಯಾರು ತಗೋತಾರ? ಅಂಗೈಯಾಗ ಕೂಡೂದು ನೋಡು. ಸಿಲಿಕೋನ್ ಇರಬೇಕು, ತೊಳಿಯಾಕ ಬರಬೇಕು. ವಾಸನಿ ಹೊಡಿಯೂ ಪ್ಲಾಸ್ಟಿಕ್ ಮುಟ್ಟಬ್ಯಾಡ. ಬಲಾ ಸಾವಕಾಶ ಏರಸಾಕ ಬರೂದಿರಬೇಕು.”

ಸುನಂದಾಳ ಚಿಂತೆ ಮಾತ್ರ ಸದ್ದಿನದು. ಪ್ರತಿ ಚಿತ್ರದ ಕೆಳಗೂ ಕೊಂಡವರು ಬರೆದದ್ದನ್ನೆಲ್ಲ ಪರೀಕ್ಷೆಗೆ ಓದಿದಂತೆ ಓದಿದಳು. ಒಬ್ಬಳು, ಫ್ಯಾನ್ ಹಾಕಿದರೆ ಕೇಳಿಸುವುದೇ ಇಲ್ಲ ಎಂದು ಬರೆದಿದ್ದಳು.

“ನಮ್ಮೂರಾಗ ಕರೆಂಟ್ ಹೋದ್ರ?”

“ಹೋದ್ರ ನೀನೂ ನಿಲ್ಲಸು ತಾಯಿ. ಫ್ಯಾನ್ ಬಂದಮ್ಯಾಲ ಮುಂದುವರಸು!”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು. ಕಡೆಗೆ ಸುನಂದಾ ಆರಿಸಿದ್ದು ಬದನೆಕಾಯಿ ಬಣ್ಣದ, ಹೊಳೆಯ ಕಲ್ಲಿನ ಹಾಗೆ ನುಣ್ಣಗಿದ್ದ ಪುಟ್ಟದೊಂದನ್ನು. ಎಲ್ಲಕ್ಕಿಂತ ಮೆತ್ತನೆಯ ಸದ್ದು ಅದರದೇ. ಪಾರ್ಸೆಲ್ ಯಾಸ್ಮಿನಳ ಅಂಗಡಿಗೇ ಬಂತು. “ಎರಡೂ ಗುಂಡಿ ಒತ್ತಿ ಹಿಡಿದ್ರ ಲಾಕ್ ಆಗತೈತಿ. ಇಲ್ಲಾಂದ್ರ ತಾನ ಚಾಲೂ ಆಗತೈತಿ ನೋಡು,” ಎಂದು ಹೇಳಿಕೊಟ್ಟೇ ಕಳಿಸಿದ್ದಳು.

ಮೊದಲ ರಾತ್ರಿ ಸುನಂದಾಳಿಗೆ ಹೆದರಿಕೆಯೇ ಹೆಚ್ಚಾಗಿತ್ತು. ಕಿವಿಯೆಲ್ಲ ಪಡಸಾಲೆಯ ಕಡೆಗೆ. ಇನ್ನೊಂದು ರಾತ್ರಿ ಫ್ಯಾನಿನ ಸದ್ದನ್ನು ನಂಬಿ ಕಣ್ಣು ಮುಚ್ಚಿದಳು. ಬಿಗಿದುಕೊಂಡಿದ್ದುದೇನೋ ಮೆಲ್ಲಗೆ ಸಡಿಲಾಗಿ, ಮೈಯೆಲ್ಲ ಬೆಚ್ಚಗಾಗಿ, ಕಣ್ಣಂಚಿನಿಂದ ನೀರು ಇಳಿಯಿತು. ತನ್ನ ಮೈ ತನ್ನ ಮೇಲೆ ಸಿಟ್ಟಾಗಿರಲಿಲ್ಲ ಎಂದು ಸಮಾಧಾನವಾಯಿತು. ಅಂದು ಬೆಳಗಿನವರೆಗೂ ನಿದ್ದೆ.

ಅವಳ ಕೋಣೆಯ ಕಪಾಟಿಗೆ ಕೀಲಿ ಇರಲಿಲ್ಲ. ಚಳಿಗಾಲದವರೆಗೆ ಯಾರೂ ಕೌದಿ ಮುಟ್ಟುವುದಿಲ್ಲವೆಂದು ಟ್ರಂಕಿನೊಳಗೆ ಬಚ್ಚಿಟ್ಟಳು. ಸಾವಿರಾರು ಪುಸ್ತಕಗಳ ಜಾಗ ನೆನಪಿಡುವವಳು ಒಂದನ್ನು ಮರೆತಿದ್ದಳು: ಮಹಾನವಮಿಗೆ ಘಟ ಹಾಕುವ ಮುಂಚೆ ಮನೆಯ ಹಾಸಿಗೆ ಹೊದಿಕೆಗಳೆಲ್ಲ ನೀರು ಕಾಣಲೇಬೇಕು.

ಟ್ರಂಕಿನಿಂದ ಸದ್ದು ಬಂದ ಆ ರಾತ್ರಿಯ ಮರುದಿನ ಸಿಂದಗಿ ಬಸ್ಸಿನಲ್ಲಿದ್ದಾಗ ಅತ್ತೆಯ ಫೋನು ಬಂತು.

“ಸುನಂದಾ, ಕೀಲಿ ಬಾಜೂ ಮನ್ಯಾಗ ಕೊಟ್ಟೇನಿ. ನಾನು ರುಕ್ಮವ್ವ ಹಳ್ಳಕ್ಕ ಬಂದೀವಿ. ಕೌದಿ ಎಲ್ಲಾ ಒಗದ ಬರ್ತೀವಿ.”

ಸುನಂದಾ ಮುಂದಿನ ನಿಲ್ದಾಣದಲ್ಲೇ ಇಳಿದಳು. ತಿರುಗಿ ಹೋಗುವ ಬಸ್ಸಿಗೆ ಕಾಯುತ್ತ ನಿಂತಳು. ಎದುರು ಮನೆಯ ರುಕ್ಮವ್ವನ ಕಣ್ಣಿಗೆ ಬಿದ್ದದ್ದು ಸಂಜೆಯೊಳಗೆ ಓಣಿಯ ಪ್ರತಿ ಮನೆ ಮುಟ್ಟುತ್ತಿತ್ತು. ಅದನ್ನಾದರೂ ತಡೆದುಕೊಳ್ಳಬಹುದು. ಆದರೆ ಅತ್ತೆ? ಮಗನನ್ನು ಮಣ್ಣು ಮಾಡಿ ಬಂದ ರಾತ್ರಿ, ತಾನು ಉಣ್ಣದೆ, ಸೊಸೆಯ ಬಾಯಿಗೆ ತುತ್ತಿಟ್ಟವಳು. ಇನ್ನು ಅವಳು ತನ್ನನ್ನು ಯಾವ ಕಣ್ಣಿನಿಂದ ನೋಡುತ್ತಾಳೆ?

ಹಳ್ಳದ ದಂಡೆಯಲ್ಲಿ ಕೌದಿಗಳೆಲ್ಲ ಒದ್ದೆಯಾಗಿ ಬಂಡೆಗಳ ಮೇಲೆ ಹರವಿಕೊಂಡಿದ್ದವು. ಅವಳ ಕೌದಿಯೂ. ಮೊಣಕಾಲವರೆಗೆ ಸೀರೆ ಎತ್ತಿ ಕಟ್ಟಿದ್ದ ರುಕ್ಮವ್ವ ಅವಳನ್ನು ಕಂಡವಳೇ ಕೂಗಿದಳು.

“ಬಂದಳು ನೋಡ ನಿನ್ನ ಮುದ್ದಿನ ಸೊಸಿ! ಏ ಸುನಂದಾ, ಏನ ಬಂಗಾರ ಇಟ್ಟೀದಿ ನಿನ್ನ ಕೌದ್ಯಾಗ?”

ಸುನಂದಾ ತನ್ನ ಕೌದಿಯ ಕಡೆ ನೋಡಿದಳು. “ಯಾಕ್ರೀ ಚಿಗವ್ವ?”

“ನನಗ ಮುಟ್ಟಾಕ ಸೈತ ಕೊಡ್ಲಿಲ್ಲ ನಿಮ್ಮತ್ತಿ! ಟ್ರಂಕಿಗೆ ಕೈ ಹಾಕಿದ್ರ, ‘ಅತ್ತಾಗ ಸರಿ, ಮೊದಲ ನೀ ಒಗಿಯೂ ಸೋಡಾ ತಗೊಂಡ ಬಾ’ ಅಂತ ಅಂಗಡಿಗೆ ಓಡಿಸಿದ್ಳು. ನಿಂದು ಹಿಂಡೂದು ಸೈತ ಒಬ್ಬಾಕೀನ. ಎರಡು ಮಂದಿ ಎತ್ತೂ ಕೌದಿ ಅದು!”

“ನಿನ್ನ ಕೈ ಬಲಾ ಬಾಳ. ಹೊಲಗಿ ಹರಿತೀದಿ,” ಎಂದಳು ಶಂಕ್ರೆವ್ವ, ಕೌದಿಯ ಅಂಚು ಸರಿಮಾಡುತ್ತ. ಸೊಸೆಯ ಕಡೆ ತಿರುಗಿ, “ಯಾಕವಾ, ಅರ್ಧಾ ದಾರಿಲೇ ಬಂದಿ?” ಎಂದು ಕೇಳಿದಳು.

“ತಲಿ ನೋವು ರೀ.”

“ನೆರಳಾಗ ಕೂಡು.”

ಆ ಮುಖದಲ್ಲಿ ಸುನಂದಾ ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ.

ಸಂಜೆ ಮಡಿಚಿದ ಕೌದಿಗಳನ್ನು ಸುನಂದಾ ಟ್ರಂಕಿಗೆ ಜೋಡಿಸಿದಳು. ಶಂಕ್ರೆವ್ವ ಮಾತ್ರ ಹೊಸ್ತಿಲ ಬಳಿ ಬೆಳಕಿಗೆ ಕೂತು ಸೂಜಿ ಹಿಡಿದಿದ್ದಳು. ಸುನಂದಾ ಹತ್ತಿರ ಬಂದಾಗ ಹಲ್ಲಿನಿಂದ ದಾರ ಕಡಿದು, ಕೈಯಲ್ಲಿದ್ದುದನ್ನು ಅವಳ ಮುಂದೆ ಚಾಚಿದಳು. ಎಲೆ-ಅಡಿಕೆ ಸಂಚಿಯಂಥ ಪುಟ್ಟ ಚೀಲ. ಕೌದಿಯ ಹಾಗೆಯೇ ಪದರು ಪದರಾಗಿ, ಒತ್ತೊತ್ತಾಗಿ ಹೊಲಿದದ್ದು. ಮೇಲಿನ ಬಟ್ಟೆ ಶಂಕ್ರೆವ್ವನ ಧಾರೆಯ ಹಸಿರು ಸೀರೆಯದು. ಬಾಯಿಗೆ ಲಾಡಿ. ಒಳಗೆ ಹೊಳೆಯ ಕಲ್ಲಿನಂಥದೊಂದು ತೂಗುತ್ತಿತ್ತು.

ಸುನಂದಾ ಅವಳ ಪಕ್ಕ ಕೂತಳು. “ಅತ್ತಿ...”

“ತಗಡಿನ್ಯಾಗ ಇಡಬ್ಯಾಡ. ತಗಡ ಸಪ್ಪಳ ದೊಡ್ಡದ ಮಾಡತೈತಿ. ಅರಿವ್ಯಾಗ ಇದ್ರ ಯಾರಿಗೂ ಕೇಳಂಗಿಲ್ಲ.”

ಸುನಂದಾ ಚೀಲವನ್ನು ಮಡಿಲಿಗೆ ತೆಗೆದುಕೊಂಡಳು. ಶಂಕ್ರೆವ್ವ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಟ್ರಂಕಿನ ಕಡೆ ನೋಡಿದಳು.

“ನಿಮ್ಮ ಮಾವ ಹೋದಾಗ ಅನೀಲ ಇನ್ನಾ ತೊಟ್ಟಿಲದಾಗ ಇದ್ದ. ನಾನೂ ಹುಡುಗೀನ. ರಾತ್ರಿ ಆತಂದ್ರ ಮೈ ಸುಮ್ಮನಿರತಿರಲಿಲ್ಲ. ಎದ್ದು ಕೂತು ಹೊಲಿತಿದ್ದೆ. ಬೆರಳಿಗೆ ಸೂಜಿ ಚುಚ್ಚಿ ಚುಚ್ಚಿ ಬೆಳಗ ಮಾಡತಿದ್ದೆ. ಈ ಮನ್ಯಾಗ ಇಷ್ಟ ಕೌದಿ ಯಾಕದಾವು ಅಂತ ಎಲ್ಲಾರೂ ನಗತಾರ. ಯಾರೂ ಕೇಳಲಿಲ್ಲ ನೋಡು.”

ಸುನಂದಾ ಅತ್ತೆಯ ಕೈ ಹಿಡಿದಳು. ತೋರುಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಒರಟಾಗಿತ್ತು. ಅದನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

“ಅಳಬ್ಯಾಡ. ನಿದ್ದಿ ಬರತೈತಿಲ್ಲ ಈಗ?”

“ಬರತೈತ್ರಿ.”

“ಸಾಕ. ಏಳು, ರೊಟ್ಟಿ ಬಡಿ. ಹಸಿವ್ಯಾಗೈತಿ.”

ಸುನಂದಾ ಹಿಟ್ಟು ನಾದುತ್ತಿದ್ದಾಗ ಯಾಸ್ಮಿನಳ ಫೋನು ಬಂತು. “ಏನ ಸಮಾಚಾರ? ಲಾಕ್ ಮಾಡಾಕ ಕಲತಿ ಇಲ್ಲೋ?”

“ಕಲತೆ.”

“ಮತ್ತ ದನಿ ಯಾಕ ಹಿಂಗೈತಿ? ಏನಾರ ಆತೇನ?”

ಪಡಸಾಲೆಯಲ್ಲಿ ಶಂಕ್ರೆವ್ವ, ಏನೂ ನಡೆದೇ ಇಲ್ಲವೆಂಬ ಹಾಗೆ, ಬಿಸಿಲುಂಡ ಕೌದಿಯೊಂದನ್ನು ಹಾಸಿ ಕೈಯಿಂದ ಸುಕ್ಕು ತೆಗೆಯುತ್ತಿದ್ದಳು. ಹಾಸ್ಟೆಲಿನ ದಿನಗಳಿಂದಲೂ ಸುನಂದಾ ಯಾಸ್ಮಿನಳಿಂದ ಏನನ್ನೂ ಮುಚ್ಚಿಟ್ಟವಳಲ್ಲ. ಆದರೆ ಇದು ತನ್ನೊಬ್ಬಳ ಗುಟ್ಟಾಗಿದ್ದರೆ ಹೇಳಬಹುದಿತ್ತು. ಇದರಲ್ಲಿ ಅತ್ತೆಯ ಅಷ್ಟೊಂದು ರಾತ್ರಿಗಳಿದ್ದವು.

“ಏನಿಲ್ಲ ಬಿಡು,” ಎಂದಳು. “ರೊಟ್ಟಿ ಬಡಿಯಾಕತ್ತೇನಿ.”

ಯಾಸ್ಮಿನಳಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡು, ಹಿಟ್ಟು ನಾದಿದ ಕೊಣಮಿಗೆಯಿಂದ ಉಂಡೆಯನ್ನು ಎತ್ತಿಕೊಂಡಳು.