ಕೆಸರಿಗೆ ಬಿದ್ದ ನೀಲಿ ಧ್ವಜ

ನಮ್ಮೂರಿನ ಗಾಳಿಗೆ ಧ್ವಜವೆಂದರೆ ಬಲು ಹಸಿವು. ಅಮೆರಿಕದ ನೆಬ್ರಾಸ್ಕಾದ ಬಯಲಿನಲ್ಲಿ ಅದನ್ನು ತಡೆಯಲು ಒಂದು ಗುಡ್ಡವೂ ಇಲ್ಲ. ಏಪ್ರಿಲ್ ಬಂತೆಂದರೆ ಮನೆಮನೆಯ ಧ್ವಜದ ತುದಿಯೂ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ.

ಆದರೆ ಡಾರ್ಲೀನ್ ಆಸ್ಟರ್‌ಗಾರ್ಡಳ ಮನೆಯ ಒಂದು ಧ್ವಜ ಎಂಟು ತಿಂಗಳಿಂದ ಗಾಳಿಯನ್ನೇ ಕಂಡಿರಲಿಲ್ಲ. ಅದು ಕಪಾಟಿನಲ್ಲಿತ್ತು. ಕಡುನೀಲಿ ಬಟ್ಟೆ, ನಡುವೆ ಒಂದು ಬಿಳಿ ನಕ್ಷತ್ರ. ಸೇನೆಯಿಂದ ಮರಳಿದ ಮೇಲೆ ಆತ್ಮಹತ್ಯೆಯಿಂದ ತೀರಿಕೊಂಡವರ ನೆನಪಿನ ಧ್ವಜ. ಅವಳ ಮಗ ಟ್ರೆಂಟ್ ಹಾಗೆ ಹೋಗಿ ಮೂರು ವರ್ಷ. ಅವನ ಜೊತೆ ಸೇನೆಯಲ್ಲಿದ್ದ ಗೆಳೆಯರು ಅದನ್ನು ಕಳಿಸಿದ್ದರು. ಶನಿವಾರ ಟ್ರೆಂಟ್‌ನ ಹುಟ್ಟುಹಬ್ಬ. ಆ ಗೆಳೆಯರು ಐದು ಜನ ಬೆಳಗಿನ ತಿಂಡಿಗೆ ಬರುವವರಿದ್ದರು. ಅಷ್ಟರೊಳಗೆ ಧ್ವಜ ಏರಬೇಕೆಂಬುದು ಡಾರ್ಲೀನಳ ಆಸೆ.

ಗಂಡ ವರ್ಲಿನ್ ತಾನೂ ಸೈನಿಕನಾಗಿದ್ದವನು. ಅವನು ಒಪ್ಪಲಿಲ್ಲ.

"ಧ್ವಜ ಯುದ್ಧದಲ್ಲಿ ಸತ್ತವರಿಗೆ ಕಣೇ. ಇದನ್ನ ಹಾರಿಸಿದ್ರೆ ಹೋಗೋರು ಬರೋರೆಲ್ಲ ಕೇಳ್ತಾರೆ."

"ಕೇಳ್ಲಿ. ಅವನ ಹೆಸರು ಹೇಳೋಕೆ ನಂಗೊಂದು ನೆಪ ಸಿಗುತ್ತೆ. ಈ ಮನೇಲಿ ಟ್ರೆಂಟ್ ಅಂದ್ರೆ ಸಾಕು, ನೀನು ಎದ್ದು ಹೋಗ್ತೀಯ."

ವರ್ಲಿನ್ ಎದ್ದು ಹೋದ.

ಗುರುವಾರ ಡಾರ್ಲೀನ್ ಮಡಿಕೆಯ ಗೆರೆ ಹೋಗಲೆಂದು ಧ್ವಜವನ್ನು ಬಟ್ಟೆ ಒಣಹಾಕುವ ಹಗ್ಗಕ್ಕೆ ಸಿಕ್ಕಿಸಿದಳು. ಗಾಳಿ ಅದನ್ನು ಕಿತ್ತು ಟೊಮೆಟೊ ಪಾತಿಯ ಕೆಸರಿಗೆ ಎಸೆಯಿತು.

"ಮುಗೀತು ಬಿಡು," ಎಂದ ವರ್ಲಿನ್. "ನೆಲಕ್ಕೆ ತಾಗಿದ ಧ್ವಜಾನ ಸುಡ್ಬೇಕು. ನಿಯಮ ಅಂದ್ರೆ ನಿಯಮ."

ಅವನ ದನಿಯಲ್ಲಿ ದುಃಖಕ್ಕಿಂತ ನಿರಾಳವೇ ಹೆಚ್ಚಿತ್ತು. ಊರಿನ ಮಾಜಿ ಸೈನಿಕರ ಭವನದಲ್ಲಿ ಹಳೆಯ ಧ್ವಜ ಹಾಕುವ ಪೆಟ್ಟಿಗೆ ಇದೆ. ಜೂನ್‌ನಲ್ಲಿ ಅವನ್ನೆಲ್ಲ ಗೌರವದಿಂದ ಸುಡುತ್ತಾರೆ. ವರ್ಲಿನ್ ಕಾರು ತೆಗೆದ. ಡಾರ್ಲೀನ್ ಕೆಸರಿನ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ಪಕ್ಕದಲ್ಲಿ ಕುಳಿತಳು.

ಭವನದ ಧ್ವಜಗಳನ್ನು ನೋಡಿಕೊಳ್ಳುವವಳು ಓಪಲ್, ಹಿಂದೆ ಸೇನೆಯಲ್ಲಿ ನರ್ಸ್ ಆಗಿದ್ದವಳು. ಗಂಟು ಬಿಚ್ಚಿ ನೋಡಿದಳು.

"ಎಲ್ಲೂ ಹರಿದಿಲ್ಲವಲ್ಲ?"

"ನೆಲಕ್ಕೆ ಬಿತ್ತು," ಎಂದ ವರ್ಲಿನ್.

"ಅಷ್ಟೇನಾ? ನೆಲಕ್ಕೆ ಬಿದ್ದಿದ್ದನ್ನೆಲ್ಲ ಸುಡೋದಾದ್ರೆ, ಹೋದ ಕ್ರಿಸ್‌ಮಸ್ ಊಟದಲ್ಲಿ ನಿನ್ನನ್ನೇ ಸುಡಬೇಕಿತ್ತು."

ಡಾರ್ಲೀನ್ ನಕ್ಕುಬಿಟ್ಟಳು.

"ಅಂಥ ನಿಯಮ ಇಲ್ಲ ಮಾರಾಯ. ಕೊಳೆಯಾದ್ರೆ ತೊಳೀಬೇಕು. ಹೊಲಿಯೋಕೂ ಬಾರದಷ್ಟು ಹರಿದ್ರೆ ಮಾತ್ರ ಪೆಟ್ಟಿಗೆ. ಅಂಗಿ ತೋಳು ಮಡಚು."

ಬೋಗುಣಿಯಲ್ಲಿ ತಣ್ಣೀರು, ಚೂರು ಸೌಮ್ಯವಾದ ಸೋಪು. ವರ್ಲಿನ್ ಹಿಂಡಲು ಹೋದಾಗ ಓಪಲ್ ಕೈ ತಡೆದಳು. "ಹಿಂಡ್ಬೇಡ, ಎಳೆ ಸಡಿಲ ಆಗುತ್ತೆ. ನೆರಳಲ್ಲಿ ಒಣಗ್ಸು. ಒದ್ದೆ ಇದ್ದಾಗ ಮಡಚಿದ್ರೆ ಬೂಷ್ಟು ಹಿಡಿಯುತ್ತೆ."

ಬೋಗುಣಿ ನೋಡುತ್ತಲೇ ವರ್ಲಿನ್ ಹೇಳಿದ: "ಇಲ್ಲಿ ಎಲ್ರಿಗೂ ಅವನದು ಅಪಘಾತ ಅಂತ ಹೇಳಿದೀನಿ, ಓಪಲ್."

"ಗೊತ್ತು. ಎಲ್ರಿಗೂ ಗೊತ್ತು. ಮೂರು ವರ್ಷದಿಂದ ಒಬ್ಬರಲ್ಲ ಒಬ್ಬರು ನಿನ್ನ ಪಕ್ಕ ಬಂದು ಕೂರ್ತೀವಲ್ಲ, ನಿನ್ನ ಹಳಸಲು ಜೋಕು ಕೇಳೋಕೆ ಅಂದ್ಕೊಂಡ್ಯಾ?"

ವರ್ಲಿನ್ ನಕ್ಷತ್ರದ ಮೇಲಿನ ಕೆಸರನ್ನು ಬೆರಳಿನಿಂದ ಉಜ್ಜಿದ. "ಅವನು ಸೋತ ಅಂತಾರೆ."

"ನೋವು ಜಾಸ್ತಿಯಾಯ್ತು, ಸಹಾಯ ಸಾಲಲಿಲ್ಲ. ಈ ಧ್ವಜ ಅವನ ಸಾವನ್ನ ಹೊಗಳೋಕಲ್ಲ. ಅವನು ನಮ್ಮವನು ಅಂತ ಹೇಳೋಕೆ. ಬದುಕಿರೋರಿಗೆ, ಈ ಮನೇಲಿ ಬಾಯಿಬಿಟ್ಟು ಮಾತಾಡಬಹುದು ಅಂತ ಹೇಳೋಕೆ. ಯಾರಾದ್ರೂ ಕುಗ್ಗಿದ ಹಾಗೆ ಕಂಡ್ರೆ, ಸಾಯಬೇಕು ಅನ್ನಿಸ್ತಿದೆಯಾ ಅಂತ ನೇರವಾಗೇ ಕೇಳು."

ಶನಿವಾರ ಬೆಳಿಗ್ಗೆ ವರ್ಲಿನ್ ಟೇಪು ಹಿಡಿದು ದೇಶದ ಧ್ವಜ, ನೀಲಿ ಧ್ವಜ ಎರಡನ್ನೂ ಅಳೆದ. ನೀಲಿಯದು ದೊಡ್ಡದಿರಬಾರದು. ಮೇಲೆ ದೇಶದ ಧ್ವಜ, ಅದರ ಕೆಳಗೆ ಟ್ರೆಂಟ್‌ನದು. ಹಗ್ಗವನ್ನು ತಾನೇ ಎಳೆದ.

ಗೆಳೆಯರು ಬಂದರು. ಪ್ಯಾನ್‌ಕೇಕಿನ ಹಬೆ, ಕಾಫಿ, ಗದ್ದಲ.

"ಒಂದ್ಸಲ ಟ್ರೆಂಟ್ ನಮಗೆ ಪ್ಯಾನ್‌ಕೇಕ್ ಮಾಡಿದ್ದ ಸರ್," ಎಂದನೊಬ್ಬ. "ಒಂದನ್ನ ಜೀಪಿನ ಚಕ್ರದ ಕೆಳಗೆ ಇಟ್ವಿ. ಇಳಿಜಾರಲ್ಲೂ ಜೀಪು ಅಲ್ಲಾಡಲಿಲ್ಲ."

ಎಲ್ಲರೂ ಒಮ್ಮೆ ವರ್ಲಿನ್‌ನ ಮುಖ ನೋಡಿದರು.

"ಟ್ರೆಂಟ್‌ಗೆ ಅದನ್ನ ಕಲಿಸಿದ್ದು ನಾನೇ," ಎಂದ ವರ್ಲಿನ್.

ಮನೆ ನಗೆಯಿಂದ ತುಂಬಿತು. ಡಾರ್ಲೀನ್ ಕೈಯಲ್ಲಿದ್ದ ಸೀಸೆಯಿಂದ ಸಕ್ಕರೆ ಪಾಕ ತಟ್ಟೆ ತುಂಬಿ ಮೇಜಿಗೆ ಹರಿಯುತ್ತಿತ್ತು. ಅವಳಿಗೆ ಪರಿವೆಯೇ ಇರಲಿಲ್ಲ.

ಗೆಳೆಯರಲ್ಲಿ ರೂಬೆನ್ ಎಂಬವನು ಮಾತ್ರ ತಟ್ಟೆ ಹಿಡಿದು ಹೊರಗೆ ಧ್ವಜದ ಬಳಿ ನಿಂತಿದ್ದ. ವರ್ಲಿನ್ ಹೋಗಿ ಮೆಟ್ಟಿಲ ಮೇಲೆ ಕುಳಿತ. ಓಪಲ್ ಹೇಳಿಕೊಟ್ಟಿದ್ದಂತೆ ನೇರವಾಗಿ ಕೇಳಿದ: "ಸಾಯಬೇಕು ಅನ್ನಿಸ್ತಿದೆಯೇನೋ?"

"ಕೆಲವು ದಿನ, ಸರ್. ಯಾರೂ ಕೇಳಿರಲಿಲ್ಲ."

"ಈಗ ಕೇಳ್ದೆ. ಕೂತ್ಕೋ."

ಇಬ್ಬರೂ ಸೇರಿ ಸಹಾಯವಾಣಿಗೆ ಕರೆ ಮಾಡಿದರು. ಮುಕ್ಕಾಲು ಗಂಟೆ ಮಾತು. ಸೋಮವಾರ ಆಪ್ತಸಮಾಲೋಚಕರ ಭೇಟಿ ನಿಗದಿಯಾಯಿತು; ಜೊತೆಗೆ ತಾನೂ ಬರುವುದಾಗಿ ವರ್ಲಿನ್ ಹೇಳಿದ. ಒಳಗೆ ಬಂದ ರೂಬೆನ್ ತಟ್ಟೆ ಚಾಚಿದ.

"ನಂದು ತಣ್ಣಗಾಗೋಯ್ತು ಅಮ್ಮ. ಬಿಸೀದು ಇದೆಯಾ?"

"ಇದೆ," ಎಂದು ಡಾರ್ಲೀನ್ ಎರಡು ಹಾಕಿದಳು.

ಓದುಗರೇ, ನಿಮ್ಮ ಮನೆಯಲ್ಲೂ ಇಂಥ ಧ್ವಜವಿದ್ದರೆ ಹೊರಗೆ ತನ್ನಿ. ಬಿರುಗಾಳಿ, ಮಳೆ ಬಂದಾಗ ಇಳಿಸಿ, ಕೊಳೆಯಾದರೆ ತೊಳೆಯಿರಿ, ತುದಿ ಬಿಚ್ಚತೊಡಗಿದ ದಿನವೇ ಹೊಲಿಯಿರಿ. ಅದನ್ನು ನೋಡಿ ಯಾರಾದರೂ ನಿಂತರೆ ಒಳಗೆ ಕರೆಯಿರಿ. ಕೇಳಲು ಹಿಂಜರಿಯಬೇಡಿ, ಕೇಳಿದ್ದರಿಂದ ಸಾಯುವ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಅಮೆರಿಕದಲ್ಲಿರುವ ಮಾಜಿ ಸೈನಿಕರು 988ಕ್ಕೆ ಕರೆ ಮಾಡಿ 1 ಒತ್ತಬೇಕು. ಭಾರತದಲ್ಲಿರುವ ಯಾರೇ ಆಗಲಿ, 14416ಕ್ಕೆ ಕರೆ ಮಾಡಬಹುದು. ಹಗಲಿರುಳೂ ಅಲ್ಲಿ ಕೇಳಿಸಿಕೊಳ್ಳುವವರಿದ್ದಾರೆ. ಇವತ್ತೇ ನಿಮ್ಮ ಒಬ್ಬ ಗೆಳೆಯನನ್ನು ತಿಂಡಿಗೆ ಕರೆಯಿರಿ.