ಮೀಟರ್ ಹಿಂದಿನ ಬಲ್ಬು

ಶಿವಾಜಿನಗರದಲ್ಲಿ ಮೂವತ್ತು ವರ್ಷದಿಂದ ಗ್ಯಾರೇಜ್ ಇಟ್ಕೊಂಡಿದ್ದೀನಿ. ಮಂಜೂರ್‌ಗೆ ಬಾಯಿ ಜೋರು, ಆದ್ರೆ ಕೈ ನಿಯತ್ತು ಅಂತ ಈ ಗಲ್ಲಿಯಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಕೆಟ್ಟ ಗಾಡಿ ತಂದವರಿಗೆ ನಾನೇ ಬೈದು ಕಳಿಸ್ತೀನಿ, ಈ ಡಬ್ಬಕ್ಕೆ ಯಾಕ್ರೀ ದುಡ್ಡು ಸುರೀತೀರ, ಗುಜರಿಗೆ ಹಾಕಿ ಅಂತ. ಉಳಿಯೋ ಗಾಡಿ ಆದ್ರೆ ಉಳಿಸಿಕೊಡ್ತೀನಿ. ಸುಳ್ಳು ಹೇಳಿ ಒಂದು ಬೋಲ್ಟೂ ಬಿಚ್ಚಿದವನಲ್ಲ. ಹೋದ ತಿಂಗಳವರೆಗೂ ಹೀಗಂತ ಎದೆ ತಟ್ಟಿಕೊಂಡು ಹೇಳ್ತಿದ್ದೆ.

ಗರುಡಾಚಾರ್‌ಪಾಳ್ಯದ ಮುನಿರಾಜಣ್ಣ ನನ್ನ ಹಳೇ ಗಿರಾಕಿ. ಅಲ್ಲಿಂದ ಇಲ್ಲಿಗೆ ಬರೋ ದಾರೀಲಿ ಹೆಜ್ಜೆಗೊಂದು ಗ್ಯಾರೇಜ್ ಇದೆ, ಆದ್ರೂ ಆಯಿಲ್ ಬದಲಾಯಿಸೋಕೂ ಅವರಿಗೆ ನಾನೇ ಬೇಕು. ಹನ್ನೆರಡು ವರ್ಷದ ಸಣ್ಣ ಕಾರು ಅವರದ್ದು. ಅವರ ತಾಯಿ ದೊಡ್ಡಮುನಿಯಮ್ಮನಿಗೆ ಆ ಕಾರಿನ ಮುಂದಿನ ಸೀಟು ಅಂದ್ರೆ ಸಿಂಹಾಸನ. ಮಗ ತರಕಾರಿಗೆ ಹೊರಟ್ರೂ ಅಜ್ಜಿ ಹೋಗಿ ಕೂತುಬಿಡೋರು.

ದೀಪಾವಳಿ ಆದ್ಮೇಲೆ ಒಂದು ದಿನ ಮುನಿರಾಜಣ್ಣ ಗಾಡಿ ನನ್ನ ಹತ್ರ ಬಿಟ್ಟು, ಹೂವು ತರ್ತೀನಿ ಅಂತ ರಸೆಲ್ ಮಾರ್ಕೆಟ್‌ಗೆ ಹೋದ್ರು. ಅಜ್ಜಿ ನನ್ನ ಸ್ಟೂಲ್ ಮೇಲೆ ಕೂತು ದೂರು ಶುರು ಮಾಡಿದ್ರು. ಮೀಟರಲ್ಲಿ ಒಂದು ಕೆಂಪು ದೀಪ ಬರತ್ತಂತೆ, ಮಗ ನಡುರಸ್ತೇಲಿ ನಿಲ್ಲಿಸಿ ಬಾನೆಟ್ ಎತ್ತಿ ನೋಡ್ತಾನಂತೆ, ರೇಡಿಯೇಟರಲ್ಲಿ ನೀರು ತುಂಬಿರತ್ತಂತೆ, ಏನೂ ಆಗಿರಲ್ಲವಂತೆ. ದೀಪ ಕಂಡರೆ ತನ್ನ ಎದೆ ಡವಡವ ಅನ್ನತ್ತೆ, ಕಿತ್ತಾಕಪ್ಪಾ ಅದನ್ನ ಅಂತ ನನ್ನ ಕೈ ಹಿಡಕೊಂಡ್ರು.

ನಾನು ಪರೀಕ್ಷೆ ಮಾಡಿದೆ. ಎಂಜಿನ್ ಬಿಸಿ ತಿಳಿಸೋ ಸೆನ್ಸರ್ ಹಾಳಾಗಿತ್ತು, ಅದಕ್ಕೇ ನಿಜವಾಗಿ ಕಾದಾಗ ಮಾತ್ರ ಅಲ್ಲ, ಸುಮ್ಮಸುಮ್ಮನೆಯೂ ದೀಪ ಉರೀತಿತ್ತು. ಹೊಸದು ಅವತ್ತು ಯಾವ ಅಂಗಡೀಲೂ ಸಿಗಲಿಲ್ಲ. ಆ ಕಾರಲ್ಲಿ ಬಿಸಿ ತೋರ್ಸೋ ಮುಳ್ಳು ಇಲ್ಲ, ಇರೋದು ಅದೊಂದೇ ದೀಪ. ಅದು ಗೊತ್ತಿದ್ದೂ ನಾನು ಮೀಟರ್ ಬಿಚ್ಚಿ ಹಿಂದಿನ ಬಲ್ಬು ಕಿತ್ತುಬಿಟ್ಟೆ. ಮುಂದಿನ ಸಲ ಸೆನ್ಸರ್ ಹಾಕಿ ದೀಪ ಸರಿ ಮಾಡ್ತೀನಿ ಅಂದೆ. ಅಜ್ಜಿಗೆ ಖುಷಿಯೋ ಖುಷಿ, ನೂರ್ಕಾಲ ಬಾಳಪ್ಪಾ ಅಂದ್ರು. ಮುನಿರಾಜಣ್ಣ ವಾಪಸ್ ಬಂದಾಗ ನಾನು ಯಾವನೋ ಗಿರಾಕಿ ಜೊತೆ ಜಗಳಕ್ಕೆ ನಿಂತಿದ್ದೆ. ಹೇಳೋದು ಮರೆತುಹೋಯ್ತು. ಅಷ್ಟೇ ನಡೆದದ್ದು.

ಹೋದ ತಿಂಗಳು ಒಂದು ಬೆಳಗ್ಗೆ ಅಜ್ಜಿಗೆ ಎದೆನೋವು ಬಂತು. ಮುನಿರಾಜಣ್ಣ ಊರಲ್ಲಿರಲಿಲ್ಲ. ಅವರ ಮಗಳು ರಮ್ಯ, ಇಪ್ಪತ್ತೆರಡರ ಹುಡುಗಿ, ಅಜ್ಜೀನ ಅದೇ ಸೀಟಲ್ಲಿ ಕೂರಿಸ್ಕೊಂಡು ಅಜ್ಜಿ ಯಾವಾಗಲೂ ತೋರಿಸೋ ಹಲಸೂರಿನ ಡಾಕ್ಟರ್ ಹತ್ರ ಹೊರಟಳು. ಮಹದೇವಪುರದ ಹತ್ರ ರೇಡಿಯೇಟರ್ ಪೈಪ್ ಹರಿದು ನೀರೆಲ್ಲ ಸೋರಿಹೋಯ್ತು. ಗಾಡಿ ಮುಂದಕ್ಕೆ ಹೋಗ್ತಾನೇ ಇತ್ತು. ಕೆ.ಆರ್. ಪುರದ ತೂಗುಸೇತುವೆ ಮೇಲೆ ಎಂಜಿನ್ ಸತ್ತು ನಿಂತ್ಕೊಂಡ್ತು. ಅಲ್ಲಿ ಯಾವ ಆಟೋನೂ ನಿಲ್ಲಿಸಲ್ಲ. ಆಂಬುಲೆನ್ಸ್ ಟ್ರಾಫಿಕ್ ದಾಟಿ ಬರೋ ಹೊತ್ತಿಗೆ ಅಜ್ಜಿ ಮೊಮ್ಮಗಳ ತೊಡೆ ಮೇಲೇ ಹೋಗಿಬಿಟ್ಟಿದ್ರು.

ಹನ್ನೊಂದನೇ ದಿನದ ಕಾರ್ಯ ಮುಗಿಸಿ ಮುನಿರಾಜಣ್ಣ ಕಾರನ್ನ ಎಳೆಸಿ ನನ್ನ ಗ್ಯಾರೇಜಿಗೆ ಕಳಿಸಿದ್ರು. ಆಮೇಲೆ ಫೋನ್ ಮಾಡಿದ್ರು. ಭಾವಮೈದುನ ಗುಜರಿಗೆ ಹಾಕು ಅಂತಾನಂತೆ. ಇವರಿಗೆ ಮನಸ್ಸಿಲ್ಲ, ಅಮ್ಮ ಕೂತ ಸೀಟು ಅದು. ನಾನು ಏನಂದ್ರೆ ಅದೇ ಅಂತಂದ್ರು. ಆಮೇಲೆ ಮಗಳ ಮಾತು ಬಂತು. ದೀಪ ಬರಲೇ ಇಲ್ಲ ಅಂತ ಅವಳು ಆಣೆ ಹಾಕ್ತಾಳಂತೆ. ಸುಳ್ಳು, ಫೋನ್ ನೋಡ್ಕೊಂಡು ಓಡಿಸಿರ್ತಾಳೆ ಅಂತ ಇವರು. ಹನ್ನೊಂದು ದಿನದಿಂದ ಅಪ್ಪ ಮಗಳು ಮಾತಿಲ್ಲ. ಹುಡುಗಿ ಊಟಾನೇ ಬಿಟ್ಟಿದ್ದಾಳೆ.

"ನಾಳೆ ಅವಳನ್ನೂ ಕರ್ಕೊಂಡು ಬರ್ತೀನಿ ಭಾಯ್. ಅವಳ ಎದುರಿಗೇ ಕೀ ತಿರುಗಿಸಿ ನೋಡೋಣ, ಮೀಟರಿನ ದೀಪ ಎಲ್ಲಾ ಒಂದ್ಸಲ ಹತ್ತಬೇಕಲ್ಲ. ಆ ಕೆಂಪು ದೀಪ ಹತ್ತಲಿಲ್ಲ ಅಂದ್ರೆ ನಾನೇ ಅವಳ ಕಾಲು ಹಿಡೀತೀನಿ," ಅಂದ್ರು ಮುನಿರಾಜಣ್ಣ.

ಮಾರನೇ ಬೆಳಗ್ಗೆ ಬೇಗ ಬಂದು ಬಾನೆಟ್ ಎತ್ತಿದೆ. ಪೈಪ್ ಹರಿದಿತ್ತು. ಎಂಜಿನ್ ಮೇಲಿನ ಹೆಡ್ ಬಿಚ್ಚಿ ನೋಡಿದ್ರೆ ಅದು ಕಾವಿಗೆ ಸೊಟ್ಟಗಾಗಿತ್ತು, ಎರಡು ಪಿಸ್ಟನ್ ಹೋಗಿತ್ತು, ಆದ್ರೆ ಕೆಳಗಿನ ಬ್ಲಾಕ್ ಗಟ್ಟಿಯಾಗಿತ್ತು. ಕೆಲಸ ಮಾಡಿಸಿದ್ರೆ ಇನ್ನೂ ಐದು ವರ್ಷ ಓಡೋ ಗಾಡಿ. ಬೇರೆ ಯಾರದ್ದೇ ಆಗಿದ್ರೂ ರಿಪೇರಿ ಮಾಡ್ಸಿ, ಕಣ್ಮುಚ್ಚಿ ಮಾಡ್ಸಿ ಅಂತಿದ್ದೆ.

ಗಾಡಿ ಪಕ್ಕ ಕೂತು ನನಗೆ ನಾನೇ ವಕೀಲನಾದೆ. ದೀಪ ಇದ್ದಿದ್ರೂ ಪೈಪ್ ಹರೀತಿತ್ತಲ್ಲ? ಹೃದಯ ನಿಲ್ಲೋದಿದ್ರೆ ದೀಪ ಏನು ಮಾಡತ್ತೆ? ಆದ್ರೆ ಮಹದೇವಪುರದ ರಸ್ತೆ ನನಗೆ ಗೊತ್ತು. ದೀಪ ಕಂಡಿದ್ರೆ ಹುಡುಗಿ ಅಲ್ಲೇ ನಿಲ್ಲಿಸ್ತಿದ್ಲು. ಅಲ್ಲಿ ಆಟೋ ಸಾಲುಗಟ್ಟಿ ನಿಂತಿರ್ತವೆ, ಕೂಗಿದ್ರೆ ಕೇಳೋ ದೂರದಲ್ಲಿ ಆಸ್ಪತ್ರೆ ಇದೆ. ಹಳೇ ದೀಪದ ಸುಳ್ಳು ಬೆದರಿಕೆಗೇ ಹೆದರ್ತಿದ್ದ ಮನೆಯವರು ಅವರು, ನಿಲ್ಲಿಸದೇ ಇರ್ತಿರಲಿಲ್ಲ. ಬಲ್ಬು ಕಿತ್ತ ವಿಷಯ ಗೊತ್ತಿದ್ದವರು ಇಬ್ಬರೇ. ಒಬ್ಬರು ಮಣ್ಣಾಗಿದ್ರು. ಉಳಿದವನು ನಾನು.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನನ್ನನ್ನ ಯಾರೂ ಕಳ್ಳ ಅಂದಿರಲೇ ಇಲ್ಲ. ಆದ್ರೂ ಡ್ರಾಯರ್ ಎಳೆದು ಒಂದು ಬಲ್ಬು ತೆಗೆದೆ. ಮೀಟರ್ ಬಿಚ್ಚಿ ಹಳೇ ಜಾಗಕ್ಕೆ ಹಾಕೋಕೆ ಹೋದ್ರೆ ಎರಡು ಸಲ ಕೆಳಗೆ ಬಿತ್ತು. ಮೂರನೇ ಸಲಕ್ಕೆ ಕೂತ್ಕೊಂಡ್ತು.

ಹನ್ನೊಂದಕ್ಕೆ ಅವರು ಬಂದ್ರು. ರಮ್ಯ ಸೊರಗಿ ಕಡ್ಡಿಯಾಗಿದ್ಲು. ಚಿಕ್ಕವಳಿದ್ದಾಗಿಂದ ನೋಡ್ತಿದ್ದೀನಿ, ಬಂದ ತಕ್ಷಣ ಅಂಕಲ್ ಟೀ ಎಲ್ಲಿ ಅಂತ ಕೇಳೋ ಹುಡುಗಿ, ಅವತ್ತು ನನ್ನ ಮುಖಾನೂ ನೋಡಲಿಲ್ಲ. ಮುನಿರಾಜಣ್ಣ ಕೀ ಅವಳ ಕೈಗೇ ಕೊಟ್ರು. ಅವಳು ಕೂತ್ಲು. ಪಕ್ಕದ ಸೀಟಲ್ಲಿ ಅಜ್ಜಿಯ ಶಾಲು ಹಾಗೇ ಬಿದ್ದಿತ್ತು.

ಕೀ ತಿರುಗಿಸಿದ್ಲು. ಮೀಟರಲ್ಲಿ ಎಲ್ಲಾ ದೀಪ ಹತ್ತಿದ್ವು. ಆ ಕೆಂಪು ದೀಪಾನೂ.

ಈಗ ಹೇಳು ಮಂಜೂರ್, ಈಗಲಾದ್ರೂ ಬಾಯಿ ಬಿಡು ಅಂತ ಒಳಗೆ ಯಾರೋ ಒದೀತಿದ್ರು. ದಿನಾ ಗಲ್ಲಿಗೆಲ್ಲ ಕೇಳೋ ಹಾಗೆ ಕಿರುಚೋ ನನ್ನ ಬಾಯಿ ಹೊಲಿದ ಹಾಗಾಗಿತ್ತು. ಹುಡುಗಿ ದೀಪ ನೋಡ್ತಾನೇ ಇದ್ಲು.

"ಬಂದಿರ್ಬೇಕು ಅಪ್ಪಾ," ಅಂದ್ಲು. "ನಾನೇ ನೋಡ್ಲಿಲ್ಲ."

ಮುನಿರಾಜಣ್ಣ ಅವಳನ್ನ ಬೈತಾರೆ ಅಂದ್ಕೊಂಡಿದ್ದೆ. ಬೈದಿದ್ರೆ ನಾನು ತಡೆದು ಎಲ್ಲಾ ಹೇಳಿಬಿಡ್ತಿದ್ದೆ ಅಂತ ಎಷ್ಟೋ ಸಲ ಅಂದ್ಕೊಂಡಿದ್ದೀನಿ, ಅದೂ ಸುಳ್ಳೇ ಇರಬೇಕು. ಅವರು ಬೈಲಿಲ್ಲ. ಕಾರಿನ ಬಾಗಿಲ ಹತ್ರ ಕುಕ್ಕರುಗಾಲಲ್ಲಿ ಕೂತು ಮಗಳ ತಲೆ ಎದೆಗೆ ಒತ್ತಿಕೊಂಡು ಗೊಳೋ ಅಂತ ಅತ್ತರು. ಒಪ್ಕೊಂಡೆಯಲ್ಲ, ಅಷ್ಟು ಸಾಕು, ನಾನು ಕ್ಷಮಿಸಿದ್ದೀನಿ, ಮನೆಗೆ ಹೋಗಿ ಊಟ ಮಾಡೋಣ ನಡಿ ಅಂದ್ರು. ಮಾಡದ ತಪ್ಪಿಗೆ ಕ್ಷಮೆ ಸಿಕ್ಕಿ ಆ ಹುಡುಗಿ ಬಿಕ್ಕಿ ಬಿಕ್ಕಿ ಅಳ್ತಿದ್ಲು. ಛೀ, ಎಂಥಾ ಜನ್ಮ ನಂದು.

ಕಣ್ಣೊರೆಸಿಕೊಂಡು ಅವರು ನನ್ನ ಕಡೆ ತಿರುಗಿ ಗಾಡಿ ಏನು ಮಾಡೋಣ ಅಂತ ಕೇಳಿದ್ರು. ರಿಪೇರಿ ಅಂದ್ರೆ ಸೆನ್ಸರ್ ಬದಲಾಯಿಸಬೇಕು, ಯಾಕೆ ಅಂತ ಹೇಳಬೇಕು, ಆಮೇಲೆ ಆ ಕಾರು ಮೂರು ತಿಂಗಳಿಗೊಂದು ಸಲ ನನ್ನ ಬಾಗಿಲಿಗೆ ಬಂದು ನಿಲ್ಲತ್ತೆ.

"ಇದು ಮುಗಿದೋಯ್ತು ಅಣ್ಣಾ," ಅಂದೆ. "ಗುಜರಿಗೆ ಹಾಕಿ, ಬೇರೆ ತಗೊಳ್ಳಿ."

ಆಯ್ತು ಭಾಯ್ ಅಂದ್ರು. ನನ್ನ ಮಾತಿಗೆ ಅವರ ಹತ್ರ ಅಷ್ಟು ಬೆಲೆ. ಸೀಟಿನ ಮೇಲಿದ್ದ ಶಾಲು ಮಡಿಸಿ ಬಗಲಲ್ಲಿ ಇಟ್ಕೊಂಡು ಆಟೋ ಕರೆಯೋಕೆ ರಸ್ತೆಗೆ ಹೋದ್ರು. ರಮ್ಯ ಮಾತ್ರ ಹಿಂದೆ ಉಳಿದಳು. ಅಪ್ಪನಿಗೆ ಕೇಳಿಸದ ಹಾಗೆ ಕೇಳಿದ್ಲು:

"ಅಂಕಲ್, ಸುಳ್ಳು ಹೇಳ್ಬೇಡಿ. ದೀಪ ನೋಡಿ ನಿಲ್ಸಿದ್ರೆ ಅಜ್ಜಿ ಉಳೀತಿದ್ರಾ?"

"ಅಜ್ಜಿ ವಿಷಯ ನನಗೆ ಗೊತ್ತಿಲ್ಲ ಮಗಳೇ," ಅಂದೆ. "ಎಂಜಿನ್ ಉಳೀತಿತ್ತು."

ಅವಳು ತಲೆ ಆಡಿಸಿದ್ಲು. ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್ ಅಂಕಲ್ ಅಂದು, ಅಪ್ಪನ ಹಿಂದೆ ನಡೆದುಹೋದಳು.